ಉಣುಗಿನ ವ್ಯಾಪ್ತಿ

ಬೇಸಿಗೆ ಬಂತೆಂದರೆ 'ಊರಲ್ಲಿ ಉಣುಗು ಪತ್ತೆ, ಮಂಗನ ಕಾಯಿಲೆ ಹರಡಿದೆ' ಎಂಬ ಧಾಟಿಯ ಸುದ್ದಿ ಶುರು. ಉಣುಗಿನ ವ್ಯಾಪ್ತಿ ಬೇರೆ, ರೋಗದ ವ್ಯಾಪ್ತಿ ಬೇರೆ. ಇದನ್ನು ಎಷ್ಟು ಸಲ ಹೇಳಬೇಕೋ!

ಮೊದಲು, ಯಾವ ಉಣುಗು? ದನದ ಮೈಗೆ ಕಚ್ಚಿಕೊಂಡು ಹರಳುಬೀಜದಷ್ಟು ಊದುವ ಕೊಟ್ಟಿಗೆಯ ಉಣುಗು ಮರಿಯಾಗಿ ಹತ್ತಿದ್ದು ಬಲಿಯುವವರೆಗೂ ಒಂದೇ ದನದ ಮೇಲಿರುತ್ತದೆ. ಮನುಷ್ಯರ ತಂಟೆಗೆ ಬರುವುದು ಅಪರೂಪ. ನಾಯಿಯ ಕಂದು ಉಣುಗು ದೇಶದ ಬಹುತೇಕ ಕಡೆ ಇದೆ. ಅದು ಹರಡಬಲ್ಲದ್ದು ಟಿಕ್ ಟೈಫಸ್ ಎಂಬ ಬೇರೊಂದು ಜ್ವರವನ್ನು, ಮಂಗನ ಕಾಯಿಲೆಯನ್ನಲ್ಲ. ಮಂಗನ ಕಾಯಿಲೆಯ ವೈರಸ್ಸಿನ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು, ಕಾಡಿನ ತರಗೆಲೆಯಲ್ಲಿ ಬದುಕುವಂಥದ್ದು. ಆರು ಕಾಲಿನ ಮರಿ, ಎಂಟು ಕಾಲಿನ ನಿಂಫ್, ಬಲಿತ ಉಣುಗು: ಪ್ರತಿ ಹಂತದಲ್ಲೂ ಒಂದು ಪ್ರಾಣಿಯ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ. ಜನರನ್ನು ಹೆಚ್ಚಾಗಿ ಕಚ್ಚುವುದು ನಿಂಫ್. ಬಲಿತವಕ್ಕೆ ದನವೇ ಬೇಕು. ಹಾಗಾಗಿ ಕಾಡಲ್ಲಿ ಮೇಯುವ ದನದಿಂದ ಉಣುಗು ಹೆಚ್ಚುತ್ತದೆ, ಆದರೆ ದನದ ಮೈಯಲ್ಲಿ ವೈರಸ್ ಹೆಚ್ಚುವುದಿಲ್ಲ.

ಈ ಉಣುಗು ಪಶ್ಚಿಮಘಟ್ಟದ ಆಚೆಗೂ ಇದೆ. ರೋಗ ಹಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿತು. ಉಣುಗು ಆಯಾ ವರ್ಷವೇ ಅಲ್ಲಿಗೆ ಬಂತೆಂದು ಓದಬಾರದು. ರೋಗ ಪತ್ತೆಯಾದದ್ದು ಆಗ, ಅಷ್ಟೆ.

ಉಣುಗು ಸಿಕ್ಕ ಜಾಗ ತೋರಿಸುವ ನಕಾಶೆಯ ಒಂದು ಚುಕ್ಕಿ ಏನು ಹೇಳುತ್ತದೆ ಎನ್ನುವುದೂ ಹೀಗೇ ಕಲಸಿಹೋಗುತ್ತದೆ. ಹಕ್ಕಿಯೋ ದನವೋ ಹೊತ್ತು ತಂದ ಒಂದೇ ಉಣುಗು ಸಿಕ್ಕರೆ ಅದು 'ಕಂಡುಬಂದಿದೆ', ಅಷ್ಟೆ. 'ನೆಲೆಯೂರಿದೆ' ಎನ್ನಲು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಅಲ್ಲಿ ಉಣುಗಿನಿಂದ ಹರಡುವ ಲೈಮ್ ರೋಗದ ಉಣುಗಿಗೆ ಒಂದು ಅಳತೆ ಇಟ್ಟಿದೆ: ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಹನ್ನೆರಡು ತಿಂಗಳೊಳಗೆ ಒಂದೇ ಹಂತದ ಆರು ಉಣುಗು, ಇಲ್ಲವೇ ಒಂದಕ್ಕಿಂತ ಹೆಚ್ಚು ಹಂತದವು ಸಿಗಬೇಕು. ಮೂರನೆಯದು 'ಸೋಂಕಿದೆ', ಅಂದರೆ ಆ ಉಣುಗಿನೊಳಗೆ ರೋಗಾಣು ಇದೆ. ಅದನ್ನು ಹೇಳಬೇಕಾದ್ದು ಪ್ರಯೋಗಾಲಯ, ಬರಿಗಣ್ಣಲ್ಲ.

ಚುಕ್ಕಿ ಇಲ್ಲದ ಜಾಗವೂ ಮೋಸ ಮಾಡುತ್ತದೆ. ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು, ಅಂಟಿದ್ದನ್ನು ಎಣಿಸುವುದು ಸರ್ವೇಯ ರೂಢಿ. ಮಳೆಗಾಲದ ನಡುವೆ ಎಳೆದು ನಿಂಫ್ ಸಿಗಲಿಲ್ಲವೆಂದರೆ ಏನು ಅರ್ಥ? ಅವುಗಳ ಹಂಗಾಮು ಚಳಿಗಾಲದಿಂದ ಬೇಸಿಗೆಯವರೆಗೆ. ಒದ್ದೆ ನೆಲದಲ್ಲಿ ಬಟ್ಟೆಗೂ ಸರಿಯಾಗಿ ಹತ್ತುವುದಿಲ್ಲ. ಎಳೆದ ತಿಂಗಳು, ಜಾತಿ, ಹಂತ ಈ ಮೂರನ್ನೂ ಬರೆಯದ ವರದಿಯಿಂದ 'ಉಣುಗು ಇಲ್ಲ' ಎಂದು ತೀರ್ಮಾನಿಸಲಾಗದು.