ಟೊಮೆಟೊ ಒತ್ತಿ ನೋಡುವಷ್ಟೇ ಮೆತ್ತಗೆ

ನಿದ್ದೆ ಹೋದ ಕೂಸು. ಅದರ ಬೆನ್ನ ಮೇಲೆ ಎರಡೇ ಬೆರಳು. ಪಕ್ಕದಲ್ಲಿ ನಗುವ ತಾಯಿ. ಮಕ್ಕಳಿಗೆ ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆ ಒತ್ತಿ ಸರಿಪಡಿಸುವ ಚಿಕಿತ್ಸೆ, ಮಾಡಿಸಿ ಅನ್ನುವ ಜಾಹೀರಾತುಗಳಲ್ಲಿ ಇಂಥ ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಜೊತೆಗೆ ಒಂದು ಮಾತು: ಟೊಮೆಟೊ ಹಣ್ಣಾಗಿದೆಯಾ ಅಂತ ಒತ್ತಿ ನೋಡ್ತೀರಲ್ಲ, ಅಷ್ಟೇ ಒತ್ತಡ. ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯ ಕೈ ನೋಡಿ ಬೆಳೆದ ನಮಗೂ ಇದು ಹಿಡಿಸುತ್ತದೆ, ಅಲ್ವಾ?

ಈ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಡಿ.ಡಿ. ಪಾಮರ್ ಎಂಬವರು ಕಿವಿ ಕೇಳದ ಹಾರ್ವೆ ಲಿಲ್ಲಾರ್ಡ್ ಅವರ ಬೆನ್ನುಮೂಳೆ ಒತ್ತಿದರು. ಕಿವಿ ಕೇಳಿಸಿತು ಎಂದು ಹೇಳಿಕೊಂಡರು. ಕಾಯಿಲೆಗಳಲ್ಲಿ ನೂರಕ್ಕೆ 95 ಬರುವುದು ಬೆನ್ನುಮೂಳೆ ಜರುಗಿದ್ದರಿಂದ ಅನ್ನುವುದು ಅವರ ವಾದ. ಅದನ್ನು ಒಪ್ಪಿದ ಮೇಲೆ ಕೂಸುಗಳನ್ನು ಬಿಡುವುದು ಹೇಗೆ? ಹೆರಿಗೆಯಲ್ಲೇ ಮೂಳೆ ಜರುಗಿರುತ್ತದೆ ಎಂಬ ಮಾತೂ ಸೇರಿಕೊಂಡಿತು.

ಹೆಚ್ಚಿನ ತಾಯಂದಿರು ಸೋಲುವುದು ಕಾಲಿಕ್ ಎಂಬ ಕೂಸಿನ ಅಳುವಿನ ಎದುರು. ಹಾಲು ಕುಡಿಸಿ ಆಯ್ತು, ಬಟ್ಟೆ ಬದಲಿಸಿ ಆಯ್ತು, ಆದರೂ ಸಂಜೆಯಾದರೆ ನಿಲ್ಲದ ಅಳು. ಆರು ವಾರದ ಹೊತ್ತಿಗೆ ಅದು ಜಾಸ್ತಿ. ಮೂರು–ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆ ನಡುವೆ ಏನು ಮಾಡಿಸಿದರೂ ಗುಣವಾದ ಹೆಸರು ಅದಕ್ಕೇ.

2001ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅದರಲ್ಲಿದ್ದದ್ದು 86 ಕೂಸುಗಳು. ಕೆಲವಕ್ಕೆ ಬೆನ್ನುಮೂಳೆ ಚಿಕಿತ್ಸೆ. ಉಳಿದವನ್ನು ನರ್ಸ್ ಹತ್ತು ನಿಮಿಷ ಸುಮ್ನೆ ಎತ್ತಿಕೊಂಡಿದ್ದರು. ಯಾರ ಕೂಸಿಗೆ ಏನಾಯಿತು ಅಂತ ಹೆತ್ತವರಿಗೆ ತಿಳಿಸಲಿಲ್ಲ. ಎರಡೂ ಗುಂಪಿನಲ್ಲಿ ಬಹಳಷ್ಟು ಕೂಸುಗಳ ಅಳು ಇಳಿಯಿತು. ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ.

ನನ್ನ ತಕರಾರು ಇಲ್ಲೇ. ಮೆತ್ತನೆಯ ಕೈ 'ನೋವಾಗುತ್ತಾ?' ಎಂಬ ಭಯಕ್ಕೆ ಉತ್ತರ ಕೊಡುತ್ತದೆ. 'ಗುಣವಾಗುತ್ತಾ?' ಅಂತ ಕೇಳುವುದನ್ನೇ ನಾವು ಮರೆಯುತ್ತೇವೆ.

ಬ್ರಿಟನ್ನಿನಲ್ಲಿ ಪತ್ರಕರ್ತ ಸೈಮನ್ ಸಿಂಗ್ 2008ರಲ್ಲಿ ಇದನ್ನೇ ಕೇಳಿದರು. ಅಲ್ಲಿನ ಕೈರೋಪ್ರಾಕ್ಟಿಕ್ ಸಂಘ ಮಾನನಷ್ಟದ ಕೇಸು ಹಾಕಿತು, 2010ರಲ್ಲಿ ಹಿಂದೆಗೆದುಕೊಂಡಿತು.

ಆಸ್ಟ್ರೇಲಿಯಾದಲ್ಲಿ ಚಿತ್ರವೇ ತಿರುಗಿಬಿತ್ತು. 2019ರಲ್ಲಿ ಮೆಲ್ಬರ್ನ್‌ನ ವಿಡಿಯೋ ಒಂದು ಹರಿದಾಡಿತು. ಕೈರೋಪ್ರಾಕ್ಟಿಕ್ ಮಾಡುವವರೊಬ್ಬರು ಎರಡು ವಾರದ ಕೂಸನ್ನು ಕಾಲು ಹಿಡಿದು ತಲೆಕೆಳಗೆ ಎತ್ತಿದ್ದರು, ಸ್ಪ್ರಿಂಗ್ ಇರುವ ಸಣ್ಣ ಸಾಧನದಿಂದ ಬೆನ್ನಿಗೆ ತಟ್ಟಿದ್ದರು. ನೋಡಿದವರ ಹೊಟ್ಟೆ ಚುರುಕ್ ಅಂದಿತು. ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆ ಒತ್ತಬೇಡಿ ಎಂದು ಈ ವೃತ್ತಿಯನ್ನು ನಿಯಂತ್ರಿಸುವ ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿ ಹೇಳಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರ ನಡೆಸಿದ ಪರಿಶೀಲನೆಗೆ ಸಾವಿರಾರು ತಂದೆತಾಯಂದಿರು 'ನಮ್ಮ ಮಗುವಿಗೆ ಒಳ್ಳೆಯದಾಯಿತು' ಎಂದು ಬರೆದರು. ವರದಿ ಹೇಳಿದ್ದು: ಹಾನಿಯ ದಾಖಲೆ ಬಹಳ ಕಡಿಮೆ, ಲಾಭಕ್ಕೆ ಗಟ್ಟಿ ಪುರಾವೆಯೂ ಇಲ್ಲ. 2023ರ ಕೊನೆಗೆ ಮಂಡಳಿ ನಿರ್ಬಂಧ ಸಡಿಲಿಸಿತು. ಆರೋಗ್ಯ ಮಂತ್ರಿಗಳು ಸುಮ್ಮನಿರಲಿಲ್ಲ. 2024ರ ಜೂನ್‌ನಲ್ಲಿ ಆ ನಿರ್ಬಂಧ ಮತ್ತೆ ಜಾರಿಗೆ ಬಂತು.