ಬಿಸಿಲು ತಿಂದ ಹಾಯಿ

ಹೋದ ತಿಂಗಳು ಕೊಚ್ಚಿಯಿಂದ ಜಯನಗರದ ನಮ್ಮ ಮನೆಗೆ ಬಂದ ಭಾವ, ಒಂದು ತುಂಡು ಬಿಳಿ ಬಟ್ಟೆ ತಂದಿದ್ದರು. ಅವರದು ದೋಣಿ ರಿಪೇರಿ ಕೆಲಸ. ಹಳೇ ಹಾಯಿಯ ಅಂಚು ಅದು. "ಹರಿದು ನೋಡು" ಅಂದರು. ಒಂದು ಕಡೆ ಎಷ್ಟು ಎಳೆದರೂ ಜಗ್ಗಲಿಲ್ಲ. ಒಂದು ಗೇಣು ಆಚೆ ಹಿಡಿದು ಎಳೆದೆ, ಹಳೇ ಪೇಪರ್ ಹಾಗೆ ಪರ್ರನೆ ಹರಿಯಿತು. ಅಲ್ಲಿನ ಹೊಲಿಗೆಯನ್ನು ಉಗುರಿನಿಂದ ಕೆರೆದರೆ ದಾರ ಪುಡಿಪುಡಿ.

ಒಂದೇ ಬಟ್ಟೆ, ಒಂದೇ ವಯಸ್ಸು. ಹರಿದ ಭಾಗದ ಮೇಲೆ ಬಿಸಿಲು ಬಿದ್ದಿತ್ತು, ಅಷ್ಟೇ.

ಹಾಯಿ ಗಾಳಿಗೆ ಹಾಳಾಗುತ್ತದೆ ಅಂದುಕೊಂಡಿದ್ದೆ. ಆದರೆ ದೋಣಿಯ ಮುಂಭಾಗದ ಹಾಯಿ, ಅಂದರೆ ಜಿಬ್, ಜಾಸ್ತಿ ಹಾಳಾಗುವುದು ದೋಣಿ ಸುಮ್ನೆ ನಿಂತಾಗ. ದೊಡ್ಡ ಹಾಯಿಯನ್ನು ಇಳಿಸಿ ಕವರ್ ಹಾಕುತ್ತಾರೆ. ಜಿಬ್ಬನ್ನು ಮಾತ್ರ ದೋಣಿಯ ಮೂತಿಯಿಂದ ಕಂಬದ ತುದಿಗೆ ಬಿಗಿದ ತಂತಿಯ ಸುತ್ತ ಚಾಪೆಯಂತೆ ಸುತ್ತಿ, ಅಲ್ಲೇ ಬಿಟ್ಟು ಹೋಗುತ್ತಾರೆ. ಹೊರಗೆ ಕಾಣುವುದು ಹಿಂದಿನ ಅಂಚು ಮತ್ತು ಕೆಳಗಿನ ಅಂಚು. ತಿಂಗಳುಗಟ್ಟಲೆ ಅದೇ ಪಟ್ಟಿ ಬಿಸಿಲು ಕುಡಿಯುತ್ತದೆ.

ಹಾಯಿಯ ಬಟ್ಟೆ ಸಾಮಾನ್ಯವಾಗಿ ಪಾಲಿಯೆಸ್ಟರ್. ನೀರಿನ ಬಾಟಲಿಯೂ ಅದೇ ವಸ್ತು. ಅದರೊಳಗೆ ಅಣುಗಳ ಉದ್ದುದ್ದ ಸರಪಳಿ. ಸುಮಾರು 320 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಯ ನೇರಳಾತೀತ ಬೆಳಕನ್ನು ಅದು ಹೀರಿಕೊಳ್ಳುತ್ತದೆ. 300 ನ್ಯಾನೋಮೀಟರ್ ಬೆಳಕಿನ ಶಕ್ತಿ ಒಂದು ಮೋಲ್‌ಗೆ (ಕಣಗಳನ್ನು ಎಣಿಸುವ ಅಳತೆ ಅದು) ಸುಮಾರು 400 ಕಿಲೋಜೌಲ್. ಆ ಸರಪಳಿಯ ಕಾರ್ಬನ್-ಕಾರ್ಬನ್ ಕೊಂಡಿ ಮುರಿಯಲು ಸುಮಾರು 350 ಸಾಕು. 700 ನ್ಯಾನೋಮೀಟರ್‌ನ ಕೆಂಪು ಬೆಳಕಿನಲ್ಲಿ ಬರೀ 170. ಹಾಗಾಗಿ ಇಲ್ಲಿ ಮುಖ್ಯ ಶತ್ರು ಬಿಸಿಯಲ್ಲ, ಬೆಳಕು. ಕಿಟಕಿ ಗಾಜು ಈ ಗಿಡ್ಡ ಅಲೆಗಳನ್ನು ಬಹುಪಾಲು ತಡೆಯುತ್ತದೆ. ಅದಕ್ಕೇ ಗಾಜಿನ ಹಿಂದಿನ ಪಾಲಿಯೆಸ್ಟರ್ ಪರದೆ ವರ್ಷಗಟ್ಟಲೆ ಬಾಳುತ್ತದೆ, ಟೆರೇಸ್ ಮೇಲೆ ಕಟ್ಟಿದ್ದು ಬಾಳಲ್ಲ.

ಬೆಂಗಳೂರು ತಂಪು, ಇಲ್ಲಿನ ಬಿಸಿಲು ಏನು ಮಾಡೀತು ಅನ್ನಿಸುತ್ತೆ, ಅಲ್ವಾ? ನಾವಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ನೇರಳಾತೀತ ಬೆಳಕು ಸುಮಾರು ಶೇ. 10 ಹೆಚ್ಚುತ್ತದೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಬಟ್ಟೆ ಕ್ಲಿಪ್ಪುಗಳು ಕೈಯಲ್ಲೇ ಮುರಿಯುವುದು ಇದೇ ಬಿಸಿಲಿಗೆ.

ಇದಕ್ಕೆ ಹಾಯಿ ಹೊಲಿಯುವವರ ಉಪಾಯ, ಆ ಎರಡು ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಹೊಲಿಯುವುದು. ಬಿಸಿಲನ್ನು ಅದು ತಿನ್ನಲಿ, ಹಾಯಿ ಉಳಿಯಲಿ. ಅಕ್ರಿಲಿಕ್ ಬಟ್ಟೆ ಇದಕ್ಕೆ ಚೆನ್ನ. ನೂಲು ಎಳೆಯುವ ಮೊದಲೇ ಬಣ್ಣ ಬೆರೆಸಿರುತ್ತಾರೆ, ಬೀಟ್‌ರೂಟ್‌ನಂತೆ ಒಳಗೂ ಹೊರಗೂ ಒಂದೇ ಬಣ್ಣ. ಆದರೆ ಭಾರ ಜಾಸ್ತಿ. ಇನ್ನೊಂದು ದಾರಿ, ಸುತ್ತಿದ ಹಾಯಿಗೆ ಮೇಲಿಂದ ಕೆಳಗಿನವರೆಗೆ ಜಿಪ್ ಇರುವ ಉದ್ದ ಚೀಲ. ಪ್ರತಿ ಸಲ ಹಾಕಿ ತೆಗೆಯಬೇಕು. ತಿಂಗಳುಗಟ್ಟಲೆ ದೋಣಿ ಬಿಡುವವರು ಹಾಯಿಯನ್ನೇ ಇಳಿಸಿ ಒಳಗಿಡುವುದು ಎಲ್ಲಕ್ಕಿಂತ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಪಟ್ಟಿ ಹಾಕಿದರೂ ಎರಡು ಕಡೆ ಎಡವಬಹುದು. ಹಾಯಿಯನ್ನು ಉಲ್ಟಾ ಸುತ್ತಿದರೆ ಪಟ್ಟಿ ಒಳಗೆ ಹೋಗಿ, ಹಾಯಿಯೇ ಹೊರಗೆ ಉಳಿಯುತ್ತದೆ. ಇನ್ನೊಂದು ದಾರ. ಗಟ್ಟಿ ಬಟ್ಟೆಯೊಳಗೆ ಹೊಲಿಗೆ ಹುದುಗುವುದಿಲ್ಲ, ಮೇಲೆ ಉಬ್ಬಿ ನಿಂತು ಬಿಸಿಲಿಗೆ ಸಿಗುತ್ತದೆ. ಬಟ್ಟೆಯಲ್ಲಿ ಮೇಲಿನ ಎಳೆ ಒಳಗಿನ ಎಳೆಗೆ ನೆರಳು. ತೆಳು ದಾರಕ್ಕೆ ಅಂಥ ನೆರಳು ಕಡಿಮೆ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ವಸ್ತುವಿನಿಂದಲೇ ಮಾಡಿದ ದಾರವೂ ಸಿಗುತ್ತದೆ. ಬಿಸಿಲು ಅದಕ್ಕೆ ಏನೂ ಮಾಡಲ್ಲ, ಆದರೆ ಬೆಲೆ ಜಾಸ್ತಿ.

ಊರಿಗೆ ಹೊರಡುವಾಗ ಭಾವ ಗೇಟಿನ ಹತ್ತಿರ ನಿಂತು ನಮ್ಮ ಸ್ಕೂಟರ್ ಕವರಿನ ಹೊಲಿಗೆಗೂ ಉಗುರು ಹಾಕಿದರು. ಎರಡು ಇಂಚು ಬಿಚ್ಚಿಕೊಂಡಿತು. "ಬಟ್ಟೆ ಗಟ್ಟಿ ಇದೆ, ದಾರ ಹೋಗಿದೆ. ಈಗಲೇ ಹೊಲಿಸು" ಅಂದರು.