ಕಾಲುವೆ ಬಂತು ಎಂಬುದು ಯಾವ ಅಲಂಕಾರ?

ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುವ ನನಗೆ ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಸಿಗುವ ವಾಕ್ಯವೊಂದಿದೆ: ‘ಹೈಪರ್ಬಲಿ ಎಂದರೆ ಉತ್ಪ್ರೇಕ್ಷಾಲಂಕಾರ’. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದುದನ್ನು ಹಿಗ್ಗಿಸಿ ಹೇಳುವುದಾದ್ದರಿಂದ ಈ ಗೊಂದಲ ಸಹಜವೇ. ಅಲಂಕಾರಶಾಸ್ತ್ರದಲ್ಲಾದರೋ ಅದು ಒಂದನ್ನು ಮತ್ತೊಂದೆಂದು ಸಂಭಾವಿಸುವ ಕ್ರಮ. ಕೋಟೆಯ ಬೆಟ್ಟದ ಬಂಡೆಗಳು ‘ಕಾವಲಿಗೆ ಕುಳಿತ ಆನೆಗಳೋ ಎಂಬಂತೆ’ ಕಂಡರೆ ಅದು ಉತ್ಪ್ರೇಕ್ಷೆ. ‘ಈ ಬಿಸಿಲಿಗೆ ಬಂಡೆಯೂ ಕರಗುತ್ತದೆ’ ಎಂದರೆ ಅತಿಶಯೋಕ್ತಿ, ಹೈಪರ್ಬಲಿಗೆ ಹತ್ತಿರವಾದದ್ದು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ಸೀಮೆಯಲ್ಲಿ ಕೊಪಣನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿ, ಮೂರನೆಯ ಪರಿಚ್ಛೇದದಲ್ಲಿ ಅರ್ಥಾಲಂಕಾರಗಳನ್ನು ವಿವರಿಸಿರುವಾಗ, ಈ ಊರಿನವರೇ ಆ ಅರ್ಥವನ್ನು ಮರೆತರೆ ನನಗೆ ತುಸು ಸಂಕಟವಾಗುತ್ತದೆ.

ಸಿಮಿಲಿಯ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ‘ಅವಳು ಅಕ್ಕನಂತೆ ಹಾಡುತ್ತಾಳೆ’ ಎಂಬುದು ಬರಿಯ ಹೋಲಿಕೆ; ‘ಕೋಗಿಲೆಯಂತೆ’ ಎಂದಾಗ ಬೇರೆ ಜಾತಿಯ ವಸ್ತು ಬಂದು ಅದು ಉಪಮೆಯಾಗುತ್ತದೆ.

ನಿಜವಾದ ತೊಡಕು ಮೆಟಾನಿಮಿಯದು, ಅಂದರೆ ಒಂದರ ಹೆಸರಿನಿಂದ ಅದಕ್ಕೆ ಸಂಬಂಧಿಸಿದ ಇನ್ನೊಂದನ್ನು ಹೇಳುವ ಪ್ರಯೋಗದ್ದು. ಇದಕ್ಕೆ ಸರಿಸಾಟಿಯಾದ ಅಲಂಕಾರವನ್ನು ಹುಡುಕಿ ದಣಿಯುವ ಬದಲು, ‘ಗಂಗೆಯಲ್ಲಿ ಹಟ್ಟಿ’ ಎಂದರೆ ದಂಡೆಯಲ್ಲಿ ಎಂದು ಗ್ರಹಿಸುವ, ಪದದ ನೇರ ಅರ್ಥ ಹೊಂದದಾಗ ಅದಕ್ಕೆ ಸಂಬಂಧಿಸಿದ ಅರ್ಥವನ್ನು ಹಿಡಿಯುವ ಲಕ್ಷಣಾವೃತ್ತಿಯ ಬಳಿಗೆ ಹೋಗುವುದು ಲೇಸು. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟಾಗ ಗಂಗಾವತಿ, ಕಾರಟಗಿ ಕಡೆಯ ವಿದ್ಯಾರ್ಥಿಗಳು ‘ಕಾಲುವೆ ಬಂತು ಸರ್’ ಎನ್ನುತ್ತಾರೆ. ಕಾಲುವೆ ಇದ್ದಲ್ಲೇ ಇದೆ, ಬಂದದ್ದು ನೀರು. ಪಾತ್ರದ ಹೆಸರು ಅದರೊಳಗಿನದಕ್ಕೆ ಸಂದಿದೆ. ‘ಡ್ಯಾಮ್ ತುಂಬಿತು’ ಎಂಬಲ್ಲಿಯೂ ತುಂಬಿದ್ದು ಕಟ್ಟೆಯಲ್ಲ, ಅದರ ಹಿಂದಿನ ಜಲಾಶಯ. ಇಲ್ಲೆಲ್ಲ ಸಂಬಂಧವಿದೆಯೇ ಹೊರತು ಸಾದೃಶ್ಯವಿಲ್ಲ. ಆದ್ದರಿಂದಲೇ ಇವು ಮೆಟಫರ್ ಅಲ್ಲ. ‘ಗಂಗಾವತಿ ಭತ್ತದ ಕಣಜ’ ಎಂಬುದು ಮಾತ್ರ ರೂಪಕ.

‘ನಾಟಿಗೆ ಇನ್ನೂ ನಾಲ್ಕು ಕೈ ಬೇಕು’ ಎನ್ನುವಾಗ ಕೈ ಆಳಿನ ದೇಹದ್ದೇ ಭಾಗ. ಅಂಶದಿಂದ ಇಡಿಯನ್ನು ಹೇಳುವ ಇಂಥ ಪ್ರಯೋಗ ಸಿನೆಕ್ಡಕಿ. ಕೆಲವರು ಇದನ್ನು ಮೆಟಾನಿಮಿಯ ಒಂದು ಬಗೆಯೆಂದೇ ಎಣಿಸುತ್ತಾರೆ. ಗವಿಮಠದ ಜಾತ್ರೆ ಮುಗಿಸಿ ಬಂದ ವಿದ್ಯಾರ್ಥಿನಿಯೊಬ್ಬಳು, ‘ಊರಿಗೆ ಊರೇ ಬಂದಿತ್ತು ಎಂದರೆ ಮೆಟಾನಿಮಿಯೋ, ಹೈಪರ್ಬಲಿಯೋ?’ ಎಂದು ಕೇಳಿದಳು. ಜನರಿಗೆ ಬದಲು ಊರೆಂದದ್ದು ಮೊದಲನೆಯದು, ಒಬ್ಬರೂ ಮನೆಯಲ್ಲಿ ಉಳಿಯಲಿಲ್ಲವೆಂಬ ಧ್ವನಿ ಎರಡನೆಯದು. ಯಾವುದನ್ನು ಬರೆದರೂ ಕಾರಣ ಕೊಟ್ಟವರಿಗೆ ನಾನು ಪೂರ್ಣ ಅಂಕ ಹಾಕುತ್ತೇನೆ.